ಚೀನೀ ಕಿವಿಗೆ ಇಂಗ್ಲಿಷ್: ಶಿಂಚುವಿಗೆ ಬರುತ್ತಿರುವ ತಂಗಿಗೆ

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಯಜಮಾನರಿಗೆ ತೈವಾನ್‌ನ ಶಿಂಚು ಊರಿನ ಚಿಪ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ನೀವು ಹಾಸನದ ಪಿಯು ಕಾಲೇಜಿನ ಆರು ವರ್ಷದ ಇಂಗ್ಲಿಷ್ ಪಾಠ ಬಿಟ್ಟು ಸೆಪ್ಟೆಂಬರ್‌ನಲ್ಲಿ ಹೊರಡುತ್ತಿದ್ದೀರಿ. ಸುಮ್ಮನೆ ಮನೆಯಲ್ಲಿ ಕೂರಲಾರೆ, ಚೀನೀ ಮಾತನಾಡುವವರಿಗೆ ಇಂಗ್ಲಿಷ್ ಹೇಳಿಕೊಡಬಹುದೇ, ಭಾರತೀಯಳಿಂದ ಕಲಿಯಲು ಅವರು ಒಪ್ಪುತ್ತಾರೆಯೇ, ಕೇಳಿ ತಿಳಿಯುವುದು, ವ್ಯಾಕರಣ, ಅನುವಾದ ಈ ಮೂರರಲ್ಲಿ ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಅಕ್ಕ ಎಂದು ಕರೆದಿದ್ದೀರಿ, ಹಾಗಾಗಿ ಇಲ್ಲಿನ ಹದಿನಾರು ವರ್ಷದಲ್ಲಿ ಕಂಡದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಊಟದ ಚಿಂತೆ ಬಿಡಿ. ಬೌದ್ಧರ ಸಸ್ಯಾಹಾರಿ ಹೋಟೆಲುಗಳು ಬೇಕಾದಷ್ಟಿವೆ. ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಶಿಂಚುವಿನ ಹೆಸರಾಂತ ತಿಂಡಿಯೇ ಅಕ್ಕಿ ಶಾವಿಗೆ. ನೀವು ಬರುವ ಹೊತ್ತಿಗೆ ಬೀಸತೊಡಗುವ ಈಶಾನ್ಯದ ಗಾಳಿಯಲ್ಲಿ ಅದನ್ನು ಒಣಗಿಸುತ್ತಾರೆ. ತೊಳೆದು ಒಗ್ಗರಣೆ ಹಾಕಿದರೆ ನಮ್ಮ ಮನೆಯ ಶಾವಿಗೆ ಉಪ್ಪಿಟ್ಟೇ.

ಕಾನೂನಿನ ಮಾತು ಮೊದಲು. ಗಂಡನ ಜೊತೆ ಬರುವವರಿಗೆ ಸಿಗುವ ನಿವಾಸ ಪರವಾನಗಿಯ ಮೇಲೆ ಸಂಬಳಕ್ಕೆ ದುಡಿಯುವಂತಿಲ್ಲ. ಕೆಲಸದ ಪರವಾನಗಿ ಬೇರೆಯೇ ಬೇಕು. ಅದಿಲ್ಲದೆ ಮನೆಯಲ್ಲಿ ಹಣ ತೆಗೆದುಕೊಂಡು ಪಾಠ ಹೇಳಿ ಸಿಕ್ಕಿಬಿದ್ದರೆ 30,000ದಿಂದ 1,50,000 ತೈವಾನ್ ಡಾಲರ್ ದಂಡ, ದೇಶ ಬಿಡಬೇಕಾಗುವ ಅಪಾಯ ಕೂಡ. ‘ಎಲ್ಲರೂ ಮಾಡುತ್ತಾರೆ’ ಎಂದು ಯಾರು ಹೇಳಿದರೂ ಕೇಳಬೇಡಿ. ನಾನು ಶಾಶ್ವತ ನಿವಾಸದ ಹಕ್ಕು ಸಿಗುವವರೆಗೆ ಒಂದು ಡಾಲರನ್ನೂ ಮುಟ್ಟಲಿಲ್ಲ. ಅಲ್ಲಿಯವರೆಗೆ ಮಾಡಿದ್ದು ಭಾಷಾ ವಿನಿಮಯ: ವಾರಕ್ಕೆರಡು ದಿನ, ಒಂದು ಗಂಟೆ ಅವರಿಗೆ ಇಂಗ್ಲಿಷ್, ಒಂದು ಗಂಟೆ ನನಗೆ ಚೀನೀ. ಇದು ಇಲ್ಲಿ ತೀರಾ ಸಾಮಾನ್ಯ, ನಿಮಗೂ ಅದೇ ದಾರಿ.

ಇನ್ನು ಒಪ್ಪುತ್ತಾರೆಯೇ ಎಂಬ ಪ್ರಶ್ನೆ. ನೋವಾಗುವ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಹೋಗುವ ಟ್ಯೂಷನ್ ಕೇಂದ್ರಗಳನ್ನು ಇಲ್ಲಿ ಪೂಶೀಪಾನ್ ಎನ್ನುತ್ತಾರೆ. ಪರವಾನಗಿ ಸಿಕ್ಕ ಮೇಲೆ ಅಂಥ ಒಂದು ಕಡೆ ಫೋನಿನಲ್ಲಿ ನನ್ನನ್ನು ಮಾತನಾಡಿಸಿ, ಸಂತೋಷಪಟ್ಟು, ಬರಹೇಳಿದರು. ಹೋದಾಗ ಮುಖ ನೋಡಿದರು, ಪಾಸ್‌ಪೋರ್ಟ್ ನೋಡಿದರು, ಜಾಗ ಭರ್ತಿಯಾಗಿದೆ ಎಂದರು. ಆ ದಿನ ಬಸ್ಸಿನಲ್ಲಿ ಅತ್ತಿದ್ದು ಇನ್ನೂ ನೆನಪಿದೆ. ನಿಮಗೂ ಹೀಗಾಗಬಹುದು. ಆದರೆ ಹುಟ್ಟಿನಿಂದ ಇಂಗ್ಲಿಷ್ ಆಡುವವರಷ್ಟೇ ಅದನ್ನು ಕಲಿಸಬಲ್ಲರು ಎಂಬ ನಂಬಿಕೆ ತಪ್ಪು. ನಾವು ಇನ್ನೊಂದು ಭಾಷೆಯಿಂದ ನಡೆದು ಇಂಗ್ಲಿಷ್ ತಲುಪಿದವರು, ಎಲ್ಲಿ ಎಡವುತ್ತೇವೆಂದು ಕಾಲಿಗೆ ಗೊತ್ತು. ಒಂದೇ ಷರತ್ತು: ಚೀನೀ ಕಲಿಯದೆ ಅವರಿಗೆ ಇಂಗ್ಲಿಷ್ ಕಲಿಸಲು ಹೋಗಬೇಡಿ.

ಇದನ್ನು ನನಗೆ ಮನಗಾಣಿಸಿದ್ದು ಒಬ್ಬ ಅಮೆರಿಕನ್ ಮಹಿಳೆಯ ಬದುಕು. ಇಲ್ಲಿ ಐವತ್ತು ದಾಟಿದ ಯಾರನ್ನಾದರೂ ಇಂಗ್ಲಿಷ್ ಹೇಗೆ ಕಲಿತಿರಿ ಎಂದು ಕೇಳಿ, ಬಹಳ ಮಂದಿ ರೇಡಿಯೊದ ‘ಸ್ಟುಡಿಯೋ ಕ್ಲಾಸ್‌ರೂಮ್’ ಹೆಸರು ಹೇಳುತ್ತಾರೆ. 1962ರಲ್ಲಿ ಅದನ್ನು ಆರಂಭಿಸಿದವರು ಡೋರಿಸ್ ಬ್ರೂಹ್ಯಾಮ್. 1948ರಲ್ಲಿ ಚೀನಾಕ್ಕೆ, 1951ರಲ್ಲಿ ತೈವಾನ್‌ಗೆ ಬಂದು, ಈ ಜನರ ಮಾತು ಕಲಿತು, ಆಮೇಲೆ ಅವರಿಗೆ ತಮ್ಮ ಮಾತು ಕಲಿಸಿದರು. 2024ರಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಕೇಳಿ ತಿಳಿಯುವ ಅಭ್ಯಾಸ. ನನ್ನ ಮೊದಲ ವಿದ್ಯಾರ್ಥಿನಿ ಮೇಲಿನ ಮನೆಯ ಗೃಹಿಣಿ. ಊರಿನ ಶಾಲೆಯ ರೂಢಿಯಂತೆ ಉಕ್ತಲೇಖನ ಬರೆಸಿದೆ. ನಾನು ‘ಟೌನ್’ ಎಂದರೆ ಅವರು ‘ಡೌನ್’ ಎಂದು ಬರೆದರು. ‘ಕೋಟ್’ ಎಂದರೆ ‘ಗೋಟ್’. ಬಟಾಣಿಯ ‘ಪೀಸ್’ ಹೇಳಿದರೆ ಜೇನ್ನೊಣದ ‘ಬೀಸ್’. ಅವರ ಕಿವಿ ಸರಿಯಿಲ್ಲ ಎಂದುಕೊಂಡು ಎರಡು ವಾರ ಅದೇ ಪದಗಳನ್ನು ಗಟ್ಟಿಯಾಗಿ ಹೇಳಿದೆ. ತಪ್ಪು ನನ್ನ ಬಾಯಲ್ಲಿತ್ತು.

ಕನ್ನಡದ ವರ್ಣಮಾಲೆ ಕಲಿತವರಿಗೆ ಇದನ್ನು ವಿವರಿಸುವುದು ಸುಲಭ. ನಮಗೆ ಪ, ಮಹಾಪ್ರಾಣದ ಪ್ಹ, ಬ ಮೂರೂ ಬೇರೆ. ನಾವು ಚೀನೀ ಎನ್ನುತ್ತಿರುವ ಮ್ಯಾಂಡರಿನ್‌ನಲ್ಲಿ ಅಲ್ಪಪ್ರಾಣದ ಪ ಇದೆ, ಮಹಾಪ್ರಾಣದ ಪ್ಹ ಇದೆ, ನಮ್ಮ ಬ ಇಲ್ಲ. ಪ್ರಮಾಣ ಬೇಕಿದ್ದರೆ ಎರಡು ರಾಜಧಾನಿಗಳ ಹೆಸರು ನೋಡಿ: ತೈಪೆಯ ‘ಪೆ’, ಬೀಜಿಂಗ್‌ನ ‘ಬೀ’ ಎರಡೂ ಉತ್ತರ ದಿಕ್ಕನ್ನು ಹೇಳುವ ಒಂದೇ ಅಕ್ಷರ, ಒಂದೇ ಉಚ್ಚಾರ. ರೋಮನ್ ಲಿಪಿಗೆ ತಂದವರು ಒಂದು ಕಡೆ ಪ ಎಂದೂ ಇನ್ನೊಂದು ಕಡೆ ಬ ಎಂದೂ ಬರೆದರು, ಅಷ್ಟೇ. ಇತ್ತ ಇಂಗ್ಲಿಷರು ಪದದ ಮೊದಲಲ್ಲಿ ಪ, ಟ, ಕ ಬಂದರೆ ಉಸಿರು ಸೇರಿಸಿ ಹೇಳುತ್ತಾರೆ. ನಾವು ಸೇರಿಸುವುದಿಲ್ಲ. ಹಾಗಾಗಿ ನಮ್ಮ ಉಸಿರಿಲ್ಲದ ‘ಪೆನ್’ ಅವರ ಕಿವಿಗೆ ‘ಬೆನ್’ ಆಗುತ್ತದೆ. ಬಾಯಿಯ ಮುಂದೆ ಕಾಗದದ ಚೂರು ಹಿಡಿದು ‘ಠೌನ್’, ‘ಖೋಟ್’, ‘ಪ್ಹೆನ್’ ಎಂದು ಅಭ್ಯಾಸ ಮಾಡಿ, ಕಾಗದ ಅಲುಗಬೇಕು. ಸಕಾರದ ಹಿಂದೆ ಬಂದರೆ, ‘ಸ್ಪೂನ್’ ಎನ್ನುವಾಗ, ಅಲುಗಬಾರದು. ಬರುವ ಮೊದಲೇ ಇದನ್ನು ಶುರು ಮಾಡಿ. ನಿಮ್ಮ ಇಂಗ್ಲಿಷ್ ಕಡಿಮೆಯದು ಎಂದಲ್ಲ, ಎದುರಿಗಿರುವ ಕಿವಿ ಯಾವುದನ್ನು ಹಿಡಿಯುತ್ತದೆ ಎಂಬ ಗೌರವಕ್ಕೆ. ಅಂದಹಾಗೆ, ಇಲ್ಲಿನ ಮಕ್ಕಳು ಮೊದಲು ಕಲಿಯುವ 37 ಧ್ವನಿಚಿಹ್ನೆಗಳನ್ನು ಮರೆಯದೆ ಕಲಿಯಿರಿ. ತುಟಿಯ ಸದ್ದುಗಳು ಒಂದು ಕಡೆ, ಹಲ್ಲಿನವು ಒಂದು ಕಡೆ, ಗಂಟಲಿನವು ಒಂದು ಕಡೆ ಎಂದು ನಮ್ಮ ವರ್ಗಾಕ್ಷರಗಳ ಹಾಗೆಯೇ ಜೋಡಿಸಿದ್ದಾರೆ. ಕಂಡಾಗ ನನಗಾದ ಸಂತೋಷ ಹೇಳತೀರದು.

ಎರಡನೆಯ ತೊಡಕು ಪದದ ಕೊನೆ. ಮ್ಯಾಂಡರಿನ್ ಪದಾಂಶ ಸ್ವರದಲ್ಲಿ ಮುಗಿಯಬೇಕು, ಇಲ್ಲವೇ ನಕಾರ, ‘ಂಗ್’ ಅಥವಾ ರಕಾರದಲ್ಲಿ. ಆದ್ದರಿಂದ ಇಂಗ್ಲಿಷ್ ಪದದ ತುದಿಯ ಟ್, ಡ್, ಕ್, ಸ್ ಅವರಿಗೆ ಕೇಳಿಸುವುದೇ ಇಲ್ಲ. ಭೂತಕಾಲ, ಬಹುವಚನ ಎಲ್ಲವೂ ಆ ತುದಿಯಲ್ಲಿಯೇ ಇವೆ. ವ್ಯಾಕರಣ ಬಾರದು ಎಂದು ಬೈಸಿಕೊಳ್ಳುವ ಎಷ್ಟೋ ಮಕ್ಕಳು ನಿಜವಾಗಿ ಆ ಸದ್ದನ್ನು ಕೇಳಿಯೇ ಇರುವುದಿಲ್ಲ.

ಮೂರನೆಯದು, ಪದಗಳು ಒಂದಕ್ಕೊಂದು ಅಂಟಿಕೊಳ್ಳುವುದು. ‘ನಾಟ್ ಅಟ್ ಆಲ್’ ಎಂಬುದು ಅಮೆರಿಕನ್ನರ ಬಾಯಲ್ಲಿ ‘ನಾಡಡಾಲ್’. ಅಕ್ಷರಕ್ಕೊಂದು ಪದಾಂಶ ಎಂಬ ಭಾಷೆಯಲ್ಲಿ ಬೆಳೆದವರಿಗೆ ಇದು ಗೋಡೆ ಇದ್ದ ಹಾಗೆ. ನಮಗೆ ಹಾಗಲ್ಲ. ‘ಮಾತು ಇಲ್ಲ’ ಎಂಬುದು ‘ಮಾತಿಲ್ಲ’ ಆಗುವುದನ್ನು, ‘ಊರು ಊರು’ ಎಂಬುದು ‘ಊರೂರು’ ಆಗುವುದನ್ನು ಐದನೆಯ ತರಗತಿಯಿಂದ ಬಿಡಿಸಿ ಬರೆದವರು ನಾವು. ನಾನು ಇಂಗ್ಲಿಷ್ ವಾಕ್ಯಕ್ಕೂ ಅದನ್ನೇ ಮಾಡಿಸುತ್ತೇನೆ: ಕೇಳಿದ್ದನ್ನು ಅಂಟಿಸಿಯೇ ಬರೆಯಿರಿ, ಆಮೇಲೆ ಸಂಧಿ ಬಿಡಿಸಿ. ಇಪ್ಪತ್ತು ಸೆಕೆಂಡಿನ ಧ್ವನಿ ಸಾಕು. ಮೂರು ಸಲ ಕೇಳುವುದು, ಬರೆಯುವುದು, ಮುದ್ರಿತ ಪಾಠದೊಂದಿಗೆ ಹೋಲಿಸಿ ಬಿಟ್ಟುಹೋದದ್ದಕ್ಕೆ ಕೆಂಪು ಗುರುತು. ಕೆಂಪಾಗುವುದು ದೊಡ್ಡ ಪದಗಳಲ್ಲ, ‘ಆಫ್’, ‘ಟು’, ‘ಹ್ಯಾಡ್’ ಇಂಥವೇ. ‘ಕ್ಯಾನ್’ ಮತ್ತು ‘ಕಾಂಟ್’ ನಡುವಿನ ವ್ಯತ್ಯಾಸಕ್ಕೆ ಒಂದು ಇಡೀ ದಿನ ಕೊಡಿ. ಅಮೆರಿಕನ್ನರು ಕೊನೆಯ ಟ್ ನುಂಗುತ್ತಾರೆ, ಹಾಗಾಗಿ ಹೌದೋ ಅಲ್ಲವೋ ಎಂಬುದು ಸ್ವರದಲ್ಲಿಯೇ ತಿಳಿಯಬೇಕು: ‘ಕನ್’ ಎಂದು ಹಗುರಾಗಿ ಹಾರಿಹೋದರೆ ಆಗುತ್ತದೆ, ‘ಕ್ಯಾನ್’ ಎಂದು ಒತ್ತಿ ನಿಂತರೆ ಆಗುವುದಿಲ್ಲ. ಧ್ವನಿಯ ವೇಗವನ್ನು ಮಾತ್ರ ತಗ್ಗಿಸಬೇಡಿ. ನಿಧಾನವಾದ ಇಂಗ್ಲಿಷ್ ಬೇರೆಯೇ ಭಾಷೆ. ನಿಮ್ಮ ಧ್ವನಿಯೊಂದನ್ನೇ ಕೇಳಿಸಲೂ ಬೇಡಿ.

ವ್ಯಾಕರಣದಲ್ಲಿ ಎಲ್ಲರೂ ಹೇಳುವ ಮಾತು, ಚೀನೀ ಕ್ರಿಯಾಪದಕ್ಕೆ ಕಾಲದ ರೂಪಗಳಿಲ್ಲ ಎಂಬುದು. ಅದು ನಿಜ. ಆದರೆ ಹೆಚ್ಚು ಕಾಡುವುದು ‘ಲ’ ಎಂಬ ಪುಟ್ಟ ಪದ. ಅದನ್ನು ಭೂತಕಾಲದ ಗುರುತು ಎಂದು ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ವಾಸ್ತವದಲ್ಲಿ ಅದು ಕೆಲಸ ಮುಗಿಯಿತು ಎಂದು ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ‘ನಾಳೆ ತಲುಪಿದ ಮೇಲೆ ಫೋನ್ ಮಾಡುತ್ತೇನೆ’ ಎಂಬಲ್ಲಿಯೂ ಅವರು ‘ಲ’ ಹಾಕುತ್ತಾರೆ. ನಮ್ಮ ವಾಕ್ಯ ನೋಡಿ: ನಾಳೆಯ ಮಾತಿಗೆ ‘ತಲುಪಿದ’ ಎನ್ನುತ್ತೇವಲ್ಲ! ಇದು ಹೊಳೆದ ದಿನ, ವರ್ಷಗಟ್ಟಲೆ ಬಿಡಿಸಲಾಗದ ಗಂಟು ನನ್ನ ಕೈಯಲ್ಲಿ ಬಿಚ್ಚಿಕೊಂಡಿತು.

ಮಾತಿನಲ್ಲಿ ಅವನು, ಅವಳು ಎರಡಕ್ಕೂ ‘ಥಾ’ ಒಂದೇ. ನನ್ನ ಹತ್ತಿರ ಬರುತ್ತಿದ್ದ ಎಂಜಿನಿಯರ್ ಒಬ್ಬರು ಹೆಂಡತಿಯ ಹೆರಿಗೆಯ ಸುದ್ದಿಯನ್ನು ‘ಹೀ’ ಎಂದೇ ಹೇಳಿದರು, ಕಣ್ಣಲ್ಲಿ ನೀರಿತ್ತು. ಅಂಥ ಹೊತ್ತಿನಲ್ಲಿ ತಿದ್ದಬೇಡಿ. ಮಾರನೆಯ ವಾರ ಮಗುವಿನ, ತಾಯಿಯ ಯೋಗಕ್ಷೇಮ ಕೇಳುತ್ತಾ ‘ಷೀ’ ಎಂದು ನೀವೇ ಹತ್ತು ಸಲ ಬಳಸಿ.

ಎಚ್ಚರಿಕೆ ಬೇಕಾದದ್ದು ಅವರೂ ನಾವೂ ಸೇರಿ ತಪ್ಪುವ ಜಾಗಗಳಲ್ಲಿ. ‘ಎ’, ‘ದ’ ನಮಗೂ ಇಲ್ಲ, ಅವರಿಗೂ ಇಲ್ಲ. ‘ನೀವು ಬರುವುದಿಲ್ಲವೇ?’ ಎಂದರೆ ‘ಹೌದು, ಬರುವುದಿಲ್ಲ’ ಎಂದು ಇಬ್ಬರೂ ಉತ್ತರಿಸುತ್ತೇವೆ, ಇಂಗ್ಲಿಷ್‌ನಲ್ಲಿ ಅಲ್ಲಿ ‘ನೋ’ ಬರಬೇಕು. ‘ಆಲ್ದೋ’ ಬರೆದ ಮೇಲೆ ‘ಬಟ್’ ಹಾಕುವ ಚಟ ಅವರದು, ನಿಮ್ಮ ಪಿಯು ಮಕ್ಕಳದೂ ಅದೇ. ಇವು ನಮ್ಮ ಕಿವಿಗೆ ಸಹಜವಾಗಿ ಕೇಳುವುದರಿಂದ ದಾಟಿಹೋಗುತ್ತವೆ. ಇವುಗಳಿಗೆ ಬೇರೆ ಪಟ್ಟಿ ಇಟ್ಟುಕೊಳ್ಳಿ.

ಸಂಖ್ಯೆಗಳನ್ನು ಅನುವಾದದ ಭಾಗವಾಗಿ ಕಲಿಸಿ. ಚೀನೀ ಎಣಿಕೆ ಹತ್ತು ಸಾವಿರದ ಘಟಕದಲ್ಲಿ ನಡೆಯುತ್ತದೆ, ಅದಕ್ಕೆ ‘ವಾನ್’ ಎಂದು ಹೆಸರು. ಹತ್ತು ವಾನ್ ಎಂದರೆ ನಮ್ಮ ಒಂದು ಲಕ್ಷ, ನೂರು ವಾನ್ ಒಂದು ಮಿಲಿಯನ್. ಹತ್ತು ಸಾವಿರ ವಾನ್ ಸೇರಿದರೆ ಒಂದು ‘ಯೀ’, ಎಂದರೆ ಹತ್ತು ಕೋಟಿ. ಮೀಟಿಂಗಿನಲ್ಲಿ ಮಿಲಿಯನ್ ಎನ್ನುವಾಗ ಒಂದು ಕ್ಷಣ ತಡವರಿಸುವ ಎಂಜಿನಿಯರ್‌ನ ಕಷ್ಟ ಲಕ್ಷ ಕೋಟಿಯಲ್ಲಿ ಬೆಳೆದ ನಮಗೆ ಗೊತ್ತು, ನ್ಯೂಯಾರ್ಕಿನಿಂದ ಬಂದ ಶಿಕ್ಷಕರಿಗೆ ಅದು ಕಷ್ಟ ಎಂದೇ ತೋರುವುದಿಲ್ಲ.

ಅನುವಾದ ನನಗೆ ಅತಿ ಪ್ರಿಯವಾದ ಭಾಗ. ಇಲ್ಲಿನ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆ ಜನವರಿಯಲ್ಲಿ ನಡೆಯುತ್ತದೆ. ಅದರ ಇಂಗ್ಲಿಷ್ ಪತ್ರಿಕೆಯಲ್ಲಿ ಎರಡು ಚೀನೀ ವಾಕ್ಯಗಳನ್ನು ಇಂಗ್ಲಿಷಿಗೆ ತರಬೇಕು, 8 ಅಂಕ. ಚೀನಾದ ಕಾಲೇಜುಗಳಲ್ಲಿ 1987ರಿಂದ ನಡೆಯುತ್ತಿರುವ ಇಂಗ್ಲಿಷ್ ಪರೀಕ್ಷೆಯಲ್ಲಿ ಒಂದು ಇಡೀ ಪ್ಯಾರಾ ಕೊಡುತ್ತಾರೆ, ಅದಕ್ಕೆ ಶೇ 15ರಷ್ಟು ಅಂಕ, ಕೇಳುವ ಭಾಗಕ್ಕೆ ಶೇ 35. ಮಕ್ಕಳು ಇವಕ್ಕಾಗಿ ಸಾವಿರಾರು ಪದ ಉರು ಹೊಡೆದಿರುತ್ತಾರೆ. ಎಡವುವುದು ಪದಗಳ ಸಾಲಿನಲ್ಲಿ. ‘ವೊ ತ್ಸ್ವೊಥ್ಯೆನ್ ತ್ಸಾಯ್ ಷಿಛಾಂಗ್ ಮಾಯ್ ತ ಷು’ ಎಂದರೆ, ಒಂದೊಂದೇ ಪದ ಇಟ್ಟು ನೋಡಿ, ‘ನಾನು ನಿನ್ನೆ ಸಂತೆಯಲ್ಲಿ ಕೊಂಡ ಪುಸ್ತಕ’. ನಮ್ಮ ‘ಅಲ್ಲಿ’ಗೆ ಸಮನಾದ ‘ತ್ಸಾಯ್’ ಸಂತೆಯ ಮುಂದೆ ಬಂದದ್ದು ಬಿಟ್ಟರೆ ಸಾಲು ಬದಲಾಗಲಿಲ್ಲ! ಇಂಗ್ಲಿಷ್‌ನಲ್ಲಿ ಪುಸ್ತಕ ಮೊದಲು ಬರಬೇಕು, ಉಳಿದದ್ದೆಲ್ಲ ಹಿಂದೆ. ನೀವೂ ಎಂದೋ ಹೀಗೆ ತಲೆಕೆಳಗು ಮಾಡಲು ಕಲಿತವರೇ. ನಾನು ಹಾಳೆಯ ಚೂರುಗಳ ಮೇಲೆ ಪದ ಬರೆದು ಮೇಜಿನ ಮೇಲೆ ಕೈಯಿಂದ ಸರಿಸಲು ಹೇಳುತ್ತೇನೆ. ಇಪ್ಪತ್ತು ಸಲ ಕೈ ಸರಿಸಿದರೆ ತಲೆ ತಾನಾಗಿ ಸರಿಸುತ್ತದೆ.

ಇನ್ನೊಂದು ಅಭ್ಯಾಸ: ಇಂಗ್ಲಿಷಿಗೆ ಬರೆದದ್ದನ್ನು ಮೂರು ದಿನ ಎತ್ತಿಡಿ, ನಾಲ್ಕನೆಯ ದಿನ ಮೂಲ ತೋರಿಸದೆ ಮತ್ತೆ ಚೀನೀಗೆ ತರಿಸಿ. ಏನು ಸೋರಿಹೋಯಿತೆಂದು ಅವರೇ ಕಂಡುಕೊಳ್ಳುತ್ತಾರೆ. ಕೆಲವು ಮಾತುಗಳು ದಾಟುವುದೇ ಇಲ್ಲ. ಇಲ್ಲಿನ ಹಿರಿಯರು ಎದುರಾದರೆ ‘ಹೊಟ್ಟೆ ತುಂಬಿತೇ’ ಎಂದು ಕೇಳುತ್ತಾರೆ. ನಮ್ಮ ‘ಊಟ ಆಯಿತೇ’ ಅದೇ. ಇಂಗ್ಲಿಷಿನಲ್ಲಿ ಹಾಗೆಯೇ ಕೇಳಿದರೆ ಊಟಕ್ಕೆ ಕರೆದಂತಾಗುತ್ತದೆ. ಹುರಿದುಂಬಿಸಲು ಅವರು ಹೇಳುವ ‘ಚ್ಯಾಯೊ’ ಪದದ ಅರ್ಥ ‘ಎಣ್ಣೆ ಹಾಕು’ ಎಂದು. ಅದರ ನೇರ ಅನುವಾದ ‘ಆಡ್ ಆಯಿಲ್’ 2018ರಲ್ಲಿ ಆಕ್ಸ್‌ಫರ್ಡ್ ನಿಘಂಟಿಗೇ ಸೇರಿತು. ಮಕ್ಕಳಿಗೆ ಇದನ್ನು ಹೇಳಿ, ಅವರ ಬೆನ್ನು ನೆಟ್ಟಗಾಗುತ್ತದೆ.

ಬಂದ ಮೊದಲ ವಾರವೇ ಚೀನೀ ತರಗತಿಗೆ ಹೆಸರು ಕೊಡಿ, ಮನೆಯ ಸಾಮಾನು ಆಮೇಲೆ ಜೋಡಿಸಿದರಾಯಿತು. ಭಾಷಾ ವಿನಿಮಯಕ್ಕೆ ಮೇಲಿನ ಮನೆಯವರ ಮಗಳಿಗೆ ಈಗಲೇ ಹೇಳಿಟ್ಟಿದ್ದೇನೆ, ಜನವರಿಯಲ್ಲಿ ಅವಳ ಪರೀಕ್ಷೆ. ಪೆಟ್ಟಿಗೆಯಲ್ಲಿ ಜಾಗವಿದ್ದರೆ ಹೈಸ್ಕೂಲಿನ ಒಂದು ಕನ್ನಡ ವ್ಯಾಕರಣ ಪುಸ್ತಕ ಹೆಚ್ಚಿಗೆ ಇಟ್ಟುಕೊಂಡು ಬನ್ನಿ. ನನ್ನದರಲ್ಲಿ ಸಂಧಿ ಪ್ರಕರಣದ ಹಾಳೆಗಳು ಕಿತ್ತುಬಂದಿವೆ.