ಕಾರವಾರ–ಗೋಕರ್ಣ ಕಡೆ ಸರ್ಫಿಂಗ್ ಕಲಿಯಲು ಮತ್ತು ಸೂರ್ಯಾಸ್ತ ನೋಡಲು ಯಾವ ಬೀಚ್ ಒಳ್ಳೆಯದು?

ಶಿರಸಿಯಿಂದ ಘಟ್ಟ ಇಳಿದು ಎರಡು ದಿನ ಇರುತ್ತೇವೆ, ಸರ್ಫಿಂಗ್ ಕಲಿಯಬೇಕು, ಸೂರ್ಯಾಸ್ತವನ್ನೂ ನೋಡಬೇಕು, ಎರಡಕ್ಕೂ ಆಗುವ ಒಂದು ಬೀಚ್ ಹೇಳಿ ಎಂದು ಕೇಳಿದ್ದೀರಿ. ಬೀಚ್ ಒಂದೇ ಇರಬೇಕೆಂಬ ಹಟ ಬಿಟ್ಟು ದಿನವನ್ನು ಎರಡು ಪಾಲು ಮಾಡಿಕೊಳ್ಳಿ: ಬೆಳಿಗ್ಗೆ ಅಲೆಗೆ, ಸಂಜೆ ಸೂರ್ಯನಿಗೆ. ಸಂಜೆ ಬೋರ್ಡ್ ಹಿಡಿದು ನೀರಿಗಿಳಿಯುವ ಯೋಚನೆ ಮಾತ್ರ ಬೇಡ.

ಕಾರಣ ಗಾಳಿ. ರಾತ್ರಿಯಿಡೀ ತಣ್ಣಗಾದ ನೆಲದಿಂದ ಬೆಳಗಿನ ಹೊತ್ತು ಕಡಲಿನ ಕಡೆಗೆ ಮೆಲ್ಲಗೆ ಗಾಳಿ ಹೋಗುತ್ತದೆ. ದಡಕ್ಕೆ ಬರುವ ಅಲೆಗೆ ಅದು ಎದುರಾಗುವುದರಿಂದ ಅಲೆಯ ಮುಖ ನಯವಾಗಿರುತ್ತದೆ, ಗಡಿಬಿಡಿಯಿಲ್ಲದೆ ಒಡೆಯುತ್ತದೆ. ಹತ್ತು–ಹನ್ನೊಂದರ ಹೊತ್ತಿಗೆ ನೆಲ ಕಾದು ಗಾಳಿ ತಿರುಗುತ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಬೀಸುವ ಕಡಲಗಾಳಿಗೆ ನೀರು ಕದಡಿ, ಅಲೆಗಳು ಒಂದರ ಮೇಲೊಂದು ಬಿದ್ದು, ಕಲಿಯುವವರಿಗೆ ಬೋರ್ಡ್ ಸರಿಯಾಗಿ ತಿರುಗಿಸಿಕೊಳ್ಳಲೂ ಬಿಡುವು ಸಿಗುವುದಿಲ್ಲ. ಆರೂವರೆಗೆ ನೀರಿನಲ್ಲಿದ್ದರೆ ಒಂಬತ್ತಕ್ಕೆ ಮುಗಿಸಿ ತಿಂಡಿಗೆ ಹೋಗಬಹುದು.

ಕಲಿಯಲು ನನ್ನ ಆಯ್ಕೆ ಗೋಕರ್ಣದ ಮುಖ್ಯ ಕಡಲತೀರ. ಉದ್ದಕ್ಕೂ ಮರಳು, ಇಳಿಜಾರು ಕಡಿಮೆ, ಬಿದ್ದರೆ ತಲೆಗೆ ಕಲ್ಲು ತಾಗುವ ಭಯವಿಲ್ಲ. ಮಹಾಬಲೇಶ್ವರ ದೇವಸ್ಥಾನದ ನೇರಕ್ಕೆ ಯಾತ್ರಿಕರು ಸ್ನಾನಕ್ಕೆ ಇಳಿಯುತ್ತಾರೆ. ಅಲ್ಲಿಂದ ಉತ್ತರಕ್ಕೆ ಹತ್ತು–ಹದಿನೈದು ನಿಮಿಷ ನಡೆದು ಜನ ಇಲ್ಲದ ಕಡೆ ಇಳಿಯಿರಿ. ಜಾರಿ ಹೋದ ಬೋರ್ಡ್ ಸ್ನಾನ ಮಾಡುವವರ ಮುಖಕ್ಕೆ ಬಡಿದರೆ ಹಲ್ಲು ಮುರಿಯುತ್ತದೆ. ಗೋಕರ್ಣದ್ದೇ ಆದ ಕುಡ್ಲೆ ಬೀಚಿನಲ್ಲೂ ಅಲೆ ಚೆನ್ನಾಗಿರುತ್ತದೆ, ಆದರೆ ಎರಡೂ ತುದಿಗೆ ಬಂಡೆಗಳಿವೆ; ನಡುಭಾಗ ಬಿಟ್ಟು ಆಚೀಚೆ ಹೋಗಬೇಡಿ. ಓಂ ಬೀಚಿನ ನಡುವೆಯೇ ಬಂಡೆ ಚಾಚಿಕೊಂಡಿದೆ. ಬಂಡೆಗೆ ಅಂಟಿದ ಸಿಂಪಿಗಳು ಬ್ಲೇಡಿನಷ್ಟೇ ಹರಿತ, ಹೊಸಬರಿಗೆ ಬೇಡ. ಕಾರವಾರದ ಟ್ಯಾಗೋರ್ ಬೀಚ್ ಕೊಲ್ಲಿಯೊಳಗಿದೆ. ದಕ್ಷಿಣಕ್ಕೆ ಬೈತಖೋಲ ಗುಡ್ಡ ಮತ್ತು ಬಂದರು, ಎದುರಿಗೆ ನಡುಗಡ್ಡೆಗಳು. ಹೊರಗಿನ ಅಲೆ ಅಲ್ಲಿಗೆ ತಲುಪುವಷ್ಟರಲ್ಲಿ ಸೊರಗಿರುತ್ತದೆ, ಹಾಗಾಗಿ ಸರ್ಫಿಂಗಿಗೆ ಅಷ್ಟಕ್ಕಷ್ಟೆ.

ನದಿ ಕಡಲು ಸೇರುವ ಅಳಿವೆಗಳಲ್ಲಿ ಮಾತ್ರ ಯಾವ ಕಾರಣಕ್ಕೂ ಇಳಿಯಬೇಡಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನಾಲ್ಕೂ ಕಡೆ ಇದೇ ಮಾತು. ಮರಳ ದಿಬ್ಬದ ಮೇಲೆ ಅಲೆ ಅಂದವಾಗಿ ಒಡೆಯುವುದು ದಡದಿಂದ ಕಾಣುತ್ತದೆ. ಇಳಿತದ ಹೊತ್ತಿಗೆ ಹೊಳೆಯ ನೀರೂ ಹಿನ್ನೀರೂ ಸೇರಿ ಹೊರಗೆಳೆಯುವ ಸೆಳೆತಕ್ಕೆ ಬೋರ್ಡ್ ಮೇಲೆ ಮಲಗಿ ಕೈ ಬಡಿದರೂ ದಡ ಹತ್ತಿರವಾಗುವುದಿಲ್ಲ.

ಹೊರಡುವ ಮುನ್ನ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಸಮುದ್ರ ಮುನ್ಸೂಚನೆ ನೋಡಿ. ಎತ್ತರ ಒಂದನ್ನೇ ನೋಡಿದರೆ ಸಾಲದು, ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಸೆಕೆಂಡುಗಳನ್ನೂ ನೋಡಬೇಕು. ನಾಲ್ಕೈದು ಸೆಕೆಂಡ್ ಇದ್ದರೆ ಅದು ಇಲ್ಲೇ ಗಾಳಿಗೆ ಎದ್ದ ಕುದಿತ. ಹತ್ತು ಸೆಕೆಂಡಿಗೆ ಮೇಲಿದ್ದರೆ ದೂರದ ದಕ್ಷಿಣ ಹಿಂದೂ ಮಹಾಸಾಗರದಿಂದ ಬಂದದ್ದು. ಎತ್ತರ ಕಡಿಮೆಯಿದ್ದರೂ ತಳ್ಳುವ ಬಲ ಜಾಸ್ತಿ. ಕಲಿಯುವವರಿಗೆ ಅರ್ಧದಿಂದ ಒಂದು ಮೀಟರ್ ಸಾಕು. ಅಕ್ಟೋಬರ್–ನವೆಂಬರ್ ಒಳ್ಳೆಯ ಕಾಲ, ಏಪ್ರಿಲ್ ಕೂಡ ಆಗಬಹುದು. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಡಲು ಎಷ್ಟೋ ದಿನ ಸುಮ್ಮನೆ ಮಲಗಿರುತ್ತದೆ. ಮೊದಲ ಪಾಠಕ್ಕೆ ಅದು ನಡೆಯುತ್ತದೆ, ಸ್ವಲ್ಪ ಬಂದವರಿಗೆ ಬೇಸರ. ಭರತ–ಇಳಿತದ ಹೊತ್ತನ್ನೂ ಗುರುತು ಹಾಕಿಕೊಳ್ಳಿ. ನೀರು ಏರುತ್ತಾ ಅರ್ಧ ಭರತಕ್ಕೆ ಬರುವ ಹೊತ್ತು ಹದ. ಪೂರ್ಣ ಭರತದಲ್ಲಿ ಅಲೆ ದಡದ ಅಂಚಿಗೇ ಬಂದು ಅಪ್ಪಳಿಸುತ್ತದೆ. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಶನಿವಾರ ಸಿಕ್ಕ ಹದ ಭಾನುವಾರ ಅದೇ ಗಂಟೆಗೆ ಇರುವುದಿಲ್ಲ.

ಬಾಡಿಗೆಗೆ ಬೋರ್ಡ್ ತೆಗೆದುಕೊಳ್ಳುವಾಗ 8ರಿಂದ 9 ಅಡಿಯ, ಮೇಲ್ಮೈ ಮೆತ್ತಗಿನ ಫೋಮ್ ಬೋರ್ಡನ್ನೇ ಕೇಳಿ. ಚಿಕ್ಕ ಬೋರ್ಡ್ ನೋಡಲು ಚೆಂದ, ಆದರೆ ಹೊಸಬರ ಭಾರಕ್ಕೆ ತೇಲುವುದಿಲ್ಲ. ಬೋರ್ಡಿನ ಅಡಿಯ ಫಿನ್‌ಗಳನ್ನು, ಅಂದರೆ ರೆಕ್ಕೆಗಳನ್ನು, ಕೈಯಲ್ಲಿ ಅಲ್ಲಾಡಿಸಿ ಸಡಿಲವಿಲ್ಲವೇ ಎಂದು ನೋಡಿ. ಲೀಶ್, ಅಂದರೆ ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ಬೋರ್ಡಿನಷ್ಟೇ ಉದ್ದವಿರಲಿ. ಅದನ್ನು ಬೋರ್ಡಿನ ಮೇಲೆ ನಿಂತಾಗ ಹಿಂದಿರುವ ಕಾಲಿನ ಗಂಟಿಗೆ ಕಟ್ಟಬೇಕು. ಪಟ್ಟಿಯ ವೆಲ್ಕ್ರೋದಲ್ಲಿ ಮರಳು ತುಂಬಿ ಹಿಡಿತ ಹೋಗಿದ್ದರೆ ಬೇರೆ ಕೇಳಿ. ಮೈಗಂಟುವ ತುಂಬುತೋಳಿನ ಅಂಗಿ ಬೇಕೇ ಬೇಕು, ಇಲ್ಲದಿದ್ದರೆ ಫೋಮ್ ಉಜ್ಜಿ ಎದೆ–ಹೊಟ್ಟೆಯ ಚರ್ಮ ಎದ್ದು ಉಪ್ಪುನೀರಿಗೆ ಉರಿಯುತ್ತದೆ.

ಮೊದಲು ಮರಳಿನ ಮೇಲೆ ಇಪ್ಪತ್ತು ಸಲ ಅಭ್ಯಾಸ ಮಾಡಿ. ಬೋರ್ಡಿನ ನಡುಗೆರೆಯ ಮೇಲೆ ಬೋರಲು ಮಲಗಿ, ಕಾಲ್ಬೆರಳು ಬಾಲದ ಅಂಚಿಗೆ ಬರಲಿ. ಅಂಗೈಗಳನ್ನು ಪಕ್ಕೆಲುಬಿನ ಪಕ್ಕ ಬೋರ್ಡಿನ ಮೇಲೆ ಊರಿ. ಅಂಚು ಹಿಡಿದರೆ ಬೋರ್ಡ್ ವಾಲುತ್ತದೆ. ಕೈಗೆ ಭಾರ ಕೊಟ್ಟು ಒಂದೇ ಸಲಕ್ಕೆ ಎರಡೂ ಪಾದ ಒಳಗೆ ತಂದು ಓರೆಯಾಗಿ ನಿಲ್ಲಿ, ಮಂಡಿ ಬಾಗಿರಲಿ. ನಂತರ ಸೊಂಟಮಟ್ಟದ ನೀರಿಗೆ ಹೋಗಿ, ಬೋರ್ಡಿನ ಮೂತಿಯನ್ನು ನೇರ ದಡದ ಕಡೆ ಇಟ್ಟು, ಒಡೆದ ನೊರೆ ಅಲೆ ಎರಡು–ಮೂರು ಮೀಟರ್ ಇರುವಾಗ ಮಲಗಿ ನಾಲ್ಕೈದು ಸಲ ಜೋರಾಗಿ ಕೈ ಹಾಕಿ. ಅಲೆ ತಳ್ಳಿ ಬೋರ್ಡ್ ತಾನಾಗಿ ಓಡತೊಡಗಿದ ಮೇಲೆ ಏಳಿ. ಮೂತಿ ನೀರಿಗೆ ಕುಕ್ಕಿದರೆ ನೀವು ಮುಂದೆ ಮಲಗಿದ್ದೀರಿ, ನಾಲ್ಕು ಬೆರಳು ಹಿಂದೆ ಸರಿಯಿರಿ. ಅಲೆ ಅಡಿಯಿಂದ ನುಸುಳಿ ಮುಂದೆ ಹೋದರೆ ತೀರಾ ಹಿಂದಿದ್ದೀರಿ. ಎದ್ದ ತಕ್ಷಣ ಬೀಳುವವರಲ್ಲಿ ಹೆಚ್ಚಿನವರು ಪಾದ ನೋಡುತ್ತಿರುತ್ತಾರೆ. ದಡದ ಒಂದು ತೆಂಗಿನಮರದ ಮೇಲೆ ಕಣ್ಣಿಡಿ. ಬೀಳುವಾಗ ಚಪ್ಪಟೆಯಾಗಿ ಬಿದ್ದು, ಮೇಲೆ ಬರುವಾಗ ತಲೆಗೆ ಕೈ ಅಡ್ಡ ಇಡಿ. ಬೋರ್ಡಿಗೂ ದಡಕ್ಕೂ ನಡುವೆ ಎಂದೂ ನಿಲ್ಲಬೇಡಿ: ಬರುವ ಅಲೆ ಬೋರ್ಡನ್ನೇ ಎತ್ತಿ ಎದೆಗೆ ಹೊಡೆಯುತ್ತದೆ.

ಇಳಿಯುವ ಮೊದಲು ಹತ್ತು ನಿಮಿಷ ದಡದಲ್ಲಿ ನಿಂತು ನೀರು ನೋಡುವುದಕ್ಕಿಂತ ದೊಡ್ಡ ಪಾಠವಿಲ್ಲ. ಎರಡೂ ಬದಿ ಬಿಳಿ ನೊರೆ, ನಡುವೆ ಅಲೆ ಒಡೆಯದ ಕಪ್ಪಗಿನ ಪಟ್ಟಿ, ಅದರ ಮೇಲೆ ಕಸ, ನೊರೆ ಹೊರಗೆ ಸಾಗುತ್ತಿದ್ದರೆ ಅದೇ ಸೆಳೆತ. ಪ್ರವಾಸಿಗರು ಶಾಂತ ನೀರು ಎಂದು ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ಲೀಶ್ ಬಿಚ್ಚಬೇಡಿ, ಬೋರ್ಡ್ ಬಿಡಬೇಡಿ. ದಡಕ್ಕೆ ನೇರ ಹೋಗುವ ಬದಲು ದಡದ ಉದ್ದಕ್ಕೇ ಪಕ್ಕಕ್ಕೆ ಸಾಗಿ ನೊರೆಯಿರುವ ಕಡೆ ಸೇರಿ, ಆಮೇಲೆ ಅಲೆಯ ಜೊತೆ ಬನ್ನಿ. ಹಾಗೆಯೇ ರಂಪಣಿ ಬಲೆ ಹಾಕಿದ್ದರೆ, ಅಂದರೆ ನೀರಿನಲ್ಲಿ ಅರ್ಧಚಂದ್ರದ ಹಾಗೆ ತೇಲುಗುಂಡುಗಳ ಸಾಲು, ಎರಡು ಕಡೆ ಹಗ್ಗ ಎಳೆಯುವ ಜನ ಕಂಡರೆ, ಅವರ ಕೆಲಸ ಮುಗಿಯುವವರೆಗೆ ಆ ಕಡೆ ಹೋಗಬೇಡಿ. ಫಿನ್ ಸಿಕ್ಕಿದರೆ ಬಲೆ ಹರಿಯುತ್ತದೆ, ಅವರ ಆ ದಿನದ ದುಡಿಮೆ ಹೋಗುತ್ತದೆ.

ಸಂಜೆಯ ವಿಷಯ. ಸೂರ್ಯ ವರ್ಷವಿಡೀ ಒಂದೇ ಕಡೆ ಮುಳುಗುವುದಿಲ್ಲ ಎಂಬುದನ್ನು ಪ್ರವಾಸ ಪಟ್ಟಿಗಳು ಹೇಳುವುದೇ ಇಲ್ಲ. ಡಿಸೆಂಬರಿನಲ್ಲಿ ಪಶ್ಚಿಮದಿಂದ ಸುಮಾರು 24 ಡಿಗ್ರಿ ಎಡಕ್ಕೆ, ಜೂನಿನಲ್ಲಿ ಅಷ್ಟೇ ಬಲಕ್ಕೆ ಇಳಿಯುತ್ತಾನೆ. ಓಂ ಬೀಚಿನ ಬಾಯಿ ನೈಋತ್ಯಕ್ಕಿದೆ, ವಾಯವ್ಯದಲ್ಲಿ ಗುಡ್ಡ. ಆದ್ದರಿಂದ ನವೆಂಬರಿನಿಂದ ಜನವರಿವರೆಗೆ ಅಲ್ಲಿ ಕುಳಿತರೆ ಬಿಂಬ ನೀರಿಗೆ ಇಳಿಯುವುದು ಕಾಣುತ್ತದೆ; ಮೇ ತಿಂಗಳಲ್ಲಿ ಗುಡ್ಡದ ಹಿಂದೆ ಸರಿದುಬಿಡುತ್ತದೆ. ಕುಡ್ಲೆ ಪಶ್ಚಿಮಕ್ಕೇ ತೆರೆದಿರುವುದರಿಂದ ಎಲ್ಲ ಕಾಲಕ್ಕೂ ಆಗುತ್ತದೆ. ಹೊನ್ನಾವರದವರೆಗೆ ಹೋಗುವವರಿದ್ದರೆ ಕಾಸರಕೋಡಿನ ಇಕೋ ಬೀಚ್ ಇದೆ. ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆಯಾದ ಬ್ಲೂ ಫ್ಲ್ಯಾಗನ್ನು 2020ರಲ್ಲಿ ಪಡೆದದ್ದು, ಮನೆಮಂದಿಗೆ ಅನುಕೂಲ. ಆದರೆ ನನ್ನ ಮನಸ್ಸು ಕಾರವಾರದ ಸದಾಶಿವಗಡಕ್ಕೇ. ಗುಡ್ಡದ ಮೇಲಿನಿಂದ ಒಂದೇ ನೋಟಕ್ಕೆ ಕಾಳಿ ನದಿ, ಸೇತುವೆ, ಅಳಿವೆ, ದೇವಬಾಗದ ಗಾಳಿಮರದ ಸಾಲು, ಆಚೆ ನಡುಗಡ್ಡೆಗಳು. ಬಿಸಿಲು ಓರೆಯಾದಾಗ ಹೊಳೆಯ ನೀರೂ ಕಡಲ ನೀರೂ ಬೇರೆಬೇರೆ ಬಣ್ಣದಲ್ಲಿ ಕಾಣುತ್ತವೆ.

ನವೆಂಬರಿನಲ್ಲಿ ಸೂರ್ಯಾಸ್ತ ಹೆಚ್ಚುಕಡಿಮೆ 6 ಗಂಟೆಗೆ, ಜನವರಿ ನಡುವೆ 6:25ರ ಹೊತ್ತಿಗೆ, ಏಪ್ರಿಲಿನಲ್ಲಿ 6:45 ದಾಟಿ. ಮುಕ್ಕಾಲು ಗಂಟೆ ಮೊದಲೇ ಜಾಗ ಹಿಡಿಯಿರಿ. ಬಿಂಬ ನೀರಿನ ಗೆರೆ ಮುಟ್ಟಿದ ಮೇಲೆ ಎರಡು–ಎರಡೂವರೆ ನಿಮಿಷದಲ್ಲಿ ಮುಗಿದುಹೋಗುತ್ತದೆ. ಜನ ಆಗಲೇ ಎದ್ದು ಹೊರಡುತ್ತಾರೆ, ನೀವು ಇನ್ನೂ ಇಪ್ಪತ್ತು ನಿಮಿಷ ಕುಳಿತಿರಿ: ಮೇಲೆ ತೆಳುಮೋಡವಿದ್ದರೆ ನಿಜವಾದ ಕೆಂಪು ಏರುವುದು ಆಗ. ಮಳೆ ತೊಳೆದುಹೋದ ಅಕ್ಟೋಬರಿನಲ್ಲಿ ಗಾಳಿ ಶುಭ್ರ, ಬಣ್ಣ ಗಾಢ. ಚಳಿಗಾಲ ಕಳೆಯುತ್ತಾ ಬಂದರೆ ಅಂಚಿನ ಮಬ್ಬು ಬಿಂಬವನ್ನು ನೀರು ಮುಟ್ಟುವ ಮೊದಲೇ ನುಂಗುತ್ತದೆ.

ಓಂ ಬೀಚಿನಿಂದ ಮುಂದಿನ ಹಾಫ್ ಮೂನ್, ಪ್ಯಾರಡೈಸ್ ಬೀಚುಗಳ ಕಡೆ ಹೋದರೆ ಸೂರ್ಯಾಸ್ತಕ್ಕೆ ಅಲ್ಲಿ ನಿಲ್ಲಬೇಡಿ. ದಾರಿ ಗುಡ್ಡದಂಚಿನ ಕಲ್ಲುಹಾದಿ, ಕತ್ತಲಾದರೆ ಕಾಲು ಎಲ್ಲಿಡುವುದೆಂದು ತಿಳಿಯುವುದಿಲ್ಲ. ನಾಲ್ಕೂವರೆಗೆ ಹೊರಟು ಓಂ ಅಥವಾ ಕುಡ್ಲೆಗೆ ಬಂದುಬಿಡಿ. ಕಾರವಾರದ ದಕ್ಷಿಣಕ್ಕೆ ಬಿಣಗಾ, ಅರ್ಗಾ ಸುತ್ತ ನೌಕಾನೆಲೆಯಿದೆ. ಅಲ್ಲಿ ಡ್ರೋನ್ ಹಾರಿಸುವುದೂ ನಿಷೇಧಿತ ಜಾಗಗಳ ಫೋಟೋ ತೆಗೆಯುವುದೂ ಅಪರಾಧ.

ಜೂನಿನಿಂದ ಸೆಪ್ಟೆಂಬರ್ ನಡುವಿನವರೆಗೆ ನೀರಿಗೆ ಇಳಿಯುವ ಮಾತೇ ಇಲ್ಲ. ನೂಲ ಹುಣ್ಣಿಮೆಗೆ ಸಮುದ್ರ ಪೂಜೆಯಾಗಿ ದೋಣಿಗಳು ಹೊರಟವು, ಇನ್ನು ಕಡಲು ತಣ್ಣಗಾಯಿತು ಎಂದು ಘಟ್ಟದ ಮೇಲಿನವರು ಅಂದುಕೊಳ್ಳುವುದುಂಟು. ಮೀನುಗಾರರು ದಡದ ಅಲೆ ದಾಟಿ ಹೋಗಲು ತಲೆಮಾರುಗಳಿಂದ ಕಲಿತವರು, ಇಂಜಿನ್ ಇರುವವರು; ಆಗಲೂ ದಡದಲ್ಲಿ ಒಡೆಯುವ ಅಲೆ ಕಲಿಯುವವರ ಬೆನ್ನು ಮುರಿಯುವಷ್ಟು ಭಾರವಿರುತ್ತದೆ. ನಿಮ್ಮ ರಜೆ ಆ ತಿಂಗಳುಗಳಲ್ಲೇ ಇದ್ದರೆ ಈ ಸಲ ಸದಾಶಿವಗಡ ಹತ್ತಿ ನೋಡಿ ಬನ್ನಿ, ಬೋರ್ಡಿನ ಪಾಠವನ್ನು ನವರಾತ್ರಿ ಕಳೆದ ಮೇಲಿನ ವಾರಕ್ಕೆ ಇಟ್ಟುಕೊಳ್ಳಿ.