ದೇವಿಮನೆ ಘಟ್ಟ ಮತ್ತು ಎಂಜಿಬಿ ಟೈಮಿಂಗ್

ಪ್ರಶ್ನೆ: ನನ್ನ ಬಳಿ 1966ರ ಎಂಜಿಬಿ (ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು) ಇದೆ. ಕುಮಟಾದಿಂದ ಶಿರಸಿಗೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಟಕಟಕ ಎನ್ನುತ್ತದೆ. ಟೈಮಿಂಗ್ (ಪ್ಲಗ್ಗಿನಲ್ಲಿ ಕಿಡಿ ಹಾರುವ ಸಮಯ) ಮನೆಯಲ್ಲೇ ಹೊಂದಿಸಬಹುದೇ?
– ಓದುಗರು, ಕುಮಟಾ

ಉತ್ತರ: ಧಾರಾಳವಾಗಿ. ಆದರೆ ಮೊದಲು ಪಾಯಿಂಟ್ ಗ್ಯಾಪ್ (ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಸಂಪರ್ಕದ ಅಂತರ) ನೋಡಿ, 0.36ರಿಂದ 0.40 ಮಿ.ಮೀ. ಇರಬೇಕು. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ತಾನಾಗಿಯೇ ಮುಂದೆ ಹೋಗುತ್ತದೆ, ಅಂದರೆ ಕಿಡಿ ಬೇಗ ಹಾರುತ್ತದೆ. ಟೈಮಿಂಗ್ ಇಟ್ಟ ಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ್ದೆಲ್ಲ ನೀರುಪಾಲು.

ಪ್ಲಗ್ ಬಿಚ್ಚಿ, ನಾಲ್ಕನೇ ಗೇರಿಗೆ ಹಾಕಿ ಕಾರನ್ನು ಮೆಲ್ಲಗೆ ಮುಂದೆ ತಳ್ಳಿ. ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್ ಒಂದನೇ ಸಿಲಿಂಡರಿನತ್ತ ಇರುವಾಗ ಇಂಜಿನ್ ಮುಂದಿನ ಪುಲ್ಲಿಯ ಕಚ್ಚು 10 ಡಿಗ್ರಿ ಮೊನೆಗೆ ಬರಲಿ. ಕೆಳಗಿರುವ ಮೊನೆಗಳಲ್ಲಿ ಉದ್ದದ್ದು ಟಿಡಿಸಿ (ಪಿಸ್ಟನ್ ತೀರಾ ಮೇಲಿರುವ ಗುರುತು), ಅದಲ್ಲ! ಡಿಸ್ಟ್ರಿಬ್ಯೂಟರಿನ ಸಣ್ಣ ವಯರ್ ಟರ್ಮಿನಲ್‌ಗೂ ಬಾಡಿಗೂ 12 ವೋಲ್ಟ್ ಬಲ್ಬ್ ಕಟ್ಟಿ, ಕೀ ಆನ್ ಮಾಡಿ. ಕ್ಲ್ಯಾಂಪ್ ಸಡಿಲಿಸಿ ಡಿಸ್ಟ್ರಿಬ್ಯೂಟರನ್ನು ಎಡಕ್ಕೆ (ಗಡಿಯಾರದ ಮುಳ್ಳಿಗೆ ವಿರುದ್ಧ), ಬಲ್ಬ್ ಆರುವಷ್ಟು ತಿರುಗಿಸಿ. ಆಮೇಲೆ ಕೂದಲೆಳೆಯಷ್ಟೇ ಬಲಕ್ಕೆ. ಬಲ್ಬ್ ಹೊತ್ತಿದ ಕ್ಷಣ ಬಿಗಿ ಮಾಡಿ. ಸ್ಟ್ರೋಬ್ ಲೈಟ್ (ಓಡುವ ಇಂಜಿನ್ನಿನಲ್ಲಿ ಕಚ್ಚು ತೋರಿಸುವ ಮಿಣುಕು ದೀಪ) ಇದ್ದರೆ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪ್ ಕಳಚಿ, 600 ಆರ್‌ಪಿಎಂನಲ್ಲಿ 14 ಡಿಗ್ರಿ.

ಘಟ್ಟದಲ್ಲಿ ಮತ್ತೂ ಸದ್ದು ಬಂದರೆ ಡಿಸ್ಟ್ರಿಬ್ಯೂಟರಿನ ಗಂಟುಗಂಟಾದ ಸಣ್ಣ ನಟ್ಟನ್ನು 'ಆರ್' (ಕಿಡಿ ತಡವಾಗುವ) ಕಡೆಗೆ ತಿರುಗಿಸಿ, 11 ಟಿಕ್‌ಗೆ ಒಂದು ಡಿಗ್ರಿ. ಎರಡು ಡಿಗ್ರಿಗಿಂತ ಹೆಚ್ಚು ಹಿಂದೆ ಒಯ್ಯಬೇಡಿ. ಶಕ್ತಿ ಕುಗ್ಗಿ ಇಂಜಿನ್ ಬಿಸಿಯಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ರೋಟರನ್ನು ಕೈಯಿಂದ ಎಡಕ್ಕೆ ತಿರುಗಿಸಿ ಬಿಡಿ, ಚಟ್ಟನೆ ಹಿಂದಕ್ಕೆ ಬರಬೇಕು. ಬರದಿದ್ದರೆ ಉಪ್ಪುಗಾಳಿಗೆ ಒಳಗಿನ ತೂಕದ ತುಂಡುಗಳು (ವೇಗ ಹೆಚ್ಚಿದಂತೆ ಕಿಡಿಯನ್ನು ಬೇಗ ಹಾರಿಸುವಂಥವು) ತುಕ್ಕು ಹಿಡಿದಿವೆ, ಇಲ್ಲವೇ ಸ್ಪ್ರಿಂಗ್ ಸಡಿಲಾಗಿದೆ. ಕರಾವಳಿಯ ಹಳೇ ಕಾರುಗಳಲ್ಲಿ ಮೊದಲ ಅನುಮಾನ ಅಲ್ಲೇ.