ರೋಡ್‌ಮ್ಯಾಪ್ ಫಿಕ್ಸ್ ಆದ್ಮೇಲೂ ಎಕ್ಸ್‌ಪೆರಿಮೆಂಟ್ ಯಾಕೆ ಬೇಕು?

ಬೇಕೇ ಬೇಕು, ಯಾಕಂದ್ರೆ ರೋಡ್‌ಮ್ಯಾಪಲ್ಲಿ (ಅಂದ್ರೆ ಪ್ರಾಡಕ್ಟಲ್ಲಿ ಮುಂದೆ ಏನೇನು, ಯಾವಾಗ ಮಾಡ್ಬೇಕು ಅನ್ನೋ ಪ್ಲಾನಲ್ಲಿ) ಇರೋದು ಬಹುಪಾಲು ನಮ್ಮ ಊಹೆನೇ. 1999ರಲ್ಲಿ ಆನ್‌ಲೈನಲ್ಲಿ ಶೂ ಮಾರೋ ಜಾಪೋಸ್ ಶುರು ಮಾಡಿದ ನಿಕ್ ಸ್ವಿನ್ಮರ್ನ್ ಮೊದಲೇ ಗೋಡೌನ್ ತುಂಬಾ ಸ್ಟಾಕ್ ತುಂಬ್ಲಿಲ್ಲ, ಅಂಗಡಿಗಳಿಗೆ ಹೋಗಿ ಶೂಗಳ ಫೋಟೋ ತೆಗೆದು ಸೈಟಿಗೆ ಹಾಕಿದ್ರು, ಆರ್ಡರ್ ಬಂದ್ರೆ ಅದೇ ಅಂಗಡೀಲಿ ಪೂರ್ತಿ ರೇಟ್ ಕೊಟ್ಟು ತಂದು ಕಳಿಸ್ತಿದ್ರು, ಲಾಭ ಬರ್ಲಿಲ್ಲ ಆದ್ರೆ ಜನ ಕಾಲಿಗೆ ಹಾಕಿ ನೋಡದೇನೂ ಶೂ ಕೊಳ್ತಾರೆ ಅನ್ನೋದಂತೂ ಗೊತ್ತಾಯ್ತು. ನೀವೂ ರೋಡ್‌ಮ್ಯಾಪಲ್ಲಿ ಹತ್ತಿರದ ಒಂದೆರಡು ತಿಂಗಳಿಗೆ ಮಾತ್ರ ಫೀಚರ್ ಹೆಸರು ಬರೀರಿ, ಅದರಾಚೆಗೆ ಯಾವ ಸಮಸ್ಯೆ ಬಗೆಹರಿಸ್ಬೇಕು ಅಂತಷ್ಟೇ ಸಾಕು, ಡೇಟ್ ಬೇಡ. ಇನ್ನೊಂದು, ಎಕ್ಸ್‌ಪೆರಿಮೆಂಟಲ್ಲಿ ರಿಸಲ್ಟ್ ಎಷ್ಟು ಬಂದ್ರೆ ಮುಂದುವರಿಸ್ತೀವಿ, ಎಷ್ಟಕ್ಕಿಂತ ಕಮ್ಮಿಯಾದ್ರೆ ಕೈಬಿಡ್ತೀವಿ ಅಂತ ಟೆಸ್ಟಿಗೆ ಮುಂಚೆನೇ ಬರೆದಿಡಿ, ಇಲ್ಲಾಂದ್ರೆ ಬಂದ ನಂಬರಿಗೆ ತಕ್ಕ ಹಾಗೆ ಮನಸ್ಸೇ ಕಥೆ ಕಟ್ಟುತ್ತೆ.